ಪಂಕಜವೂ ಪಾಚಿಯೂ

ತಾವರೆಗೆ ನಮ್ಮ ಕವಿಗಳು ಕೊಟ್ಟಿರುವ ಹೆಸರುಗಳು ಒಂದೆರಡಲ್ಲ. ನೀರಜ, ಅಂಬುಜ, ವಾರಿಜ, ಜಲಜ ಇವೆಲ್ಲವೂ ನೀರಿನಲ್ಲಿ ಹುಟ್ಟಿದ್ದು ಎಂಬ ಅರ್ಥದವು. ಇವುಗಳ ಸಾಲಿನಲ್ಲಿಯೇ ಬರುವ ಪಂಕಜವೆಂಬ ಹೆಸರು ಮಾತ್ರ ಬೇರೆ ಜಾತಿಯದು. ಪಂಕವೆಂದರೆ ಕೆಸರು, ಕೆಸರಿನಲ್ಲಿ ಹುಟ್ಟಿದ್ದು ಪಂಕಜ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಈ ಪದದ ವಿಗ್ರಹವಾಕ್ಯವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದಿರುವೆನೋ ಲೆಕ್ಕವಿಲ್ಲ. ಆದರೆ ಅದರ ನಿಜವಾದ ಅರ್ಥ ನನಗೆ ತಿಳಿದದ್ದು ಹೋದ ವರ್ಷ, ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ. ಅದಕ್ಕಾಗಿ ನಾನು ತೆತ್ತ ಶುಲ್ಕ ೧೧ ಮೀನುಗಳ ಪ್ರಾಣ.

ಕೊಳದ ವರ್ಣನೆ ನಮ್ಮ ಹಳೆಯ ಕಾವ್ಯಗಳಲ್ಲಿ ಬೇಕಾದಷ್ಟು ಉಂಟು. ರನ್ನನ ದುರ್ಯೋಧನನು ಕಡೆಗಾಲದಲ್ಲಿ ಅಡಗಿಕೊಂಡದ್ದು ವೈಶಂಪಾಯನ ಸರೋವರದಲ್ಲಿ. ಕಾಳಿದಾಸನು ತನ್ನ ಶಾಕುಂತಲದಲ್ಲಿ ಪಾಚಿಗೂ ಶೈವಲವೆಂಬ ಸೊಗಸಾದ ಹೆಸರಿನಿಂದ ಒಂದು ಸ್ಥಾನ ಕೊಟ್ಟಿದ್ದಾನೆ. ಆದರೆ ಆ ಶೈವಲವು ಮನೆಯ ಕೊಳವನ್ನೆಲ್ಲ ಆಕ್ರಮಿಸಿದರೆ ಗೃಹಸ್ಥನಾದವನು ಏನು ಮಾಡಬೇಕೆಂಬುದನ್ನು ನಾನು ಓದಿದ ಯಾವ ಕವಿಯೂ ಹೇಳಿರಲಿಲ್ಲ. ಆ ಕೊರತೆಯನ್ನು ಅನುಭವದಿಂದ ತುಂಬಿಕೊಳ್ಳಬೇಕಾಯಿತು.

ಕೊಳ ಬಂದ ಬಗೆ

ನಮ್ಮ ತಂದೆಯವರು ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಎಪ್ಪತ್ತು ವರ್ಷ ಕೆರೆಯ ಮಗ್ಗುಲಲ್ಲಿಯೇ ಬಾಳಿದವರು. ತಾಯಿಯವರು ತೀರಿಕೊಂಡ ಮೇಲೆ ಅವರನ್ನು ನಮ್ಮಲ್ಲಿಗೆ ಕರೆತಂದೆವು. ಪಟ್ಟಣದ ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಸಂಜೆಯಾಯಿತೆಂದರೆ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಎದುರಿನ ಕಾಂಪೌಂಡ್ ಗೋಡೆಯನ್ನೇ ನೋಡುತ್ತಿದ್ದರು. ನೋಡುವುದಕ್ಕೆ ಸ್ವಲ್ಪ ನೀರಿದ್ದರೆ ಎಂದು ನನಗೆ ತೋರಿತು. ಏಳು ವರ್ಷದ ನಮ್ಮ ಮಗಳಿಗೆ ಮೀನು ಸಾಕುವ ಆಸೆ. ಹೀಗೆ ತಾತನಿಗೆ ನೀರು, ಮೊಮ್ಮಗಳಿಗೆ ಮೀನು ಎಂಬ ಎರಡು ಉದ್ದೇಶಗಳಿಂದ ಸಂಕ್ರಾಂತಿಯ ಹೊತ್ತಿಗೆ ಎಂಟು ಅಡಿ ಉದ್ದ, ಆರು ಅಡಿ ಅಗಲ, ಎರಡೂವರೆ ಅಡಿ ಆಳದ ಒಂದು ಕೊಳ ಸಿದ್ಧವಾಯಿತು. ಪಂಪಿಲ್ಲ, ಕಾರಂಜಿಯಿಲ್ಲ, ಸೋಸುವ ಯಂತ್ರವಿಲ್ಲ. ಮಣ್ಣು, ಗಿಡ, ಮೀನು, ಬಿಸಿಲು ಇವುಗಳಿಂದಲೇ ಕೊಳ ನಡೆಯಬೇಕೆಂದು ನನ್ನ ಸಂಕಲ್ಪ.

ಹೊಸ ಸಿಮೆಂಟಿನ ಸುಣ್ಣದ ಕಟು ಇಳಿಯಲೆಂದು ಮೂರು ಬಾರಿ ನೀರು ತುಂಬಿ ಚೆಲ್ಲಿದೆವು. ಅಲ್ಲಿಯವರೆಗೆ ಎಲ್ಲವೂ ಸರಿಯೇ. ತಪ್ಪಿದ್ದು ಆಮೇಲೆ. ತಾವರೆ ಹುಲುಸಾಗಿ ಬರಲೆಂದು ತಳದಲ್ಲಿ ಎರಡು ಮಂಕರಿ ಕೊಟ್ಟಿಗೆ ಗೊಬ್ಬರವನ್ನು ಬರಿದಾಗಿ ಹರಡಿ, ಅದರ ಮೇಲೆಯೇ ನೀರು ಬಿಟ್ಟು, ಒಂದೇ ಒಂದು ತಾವರೆಯ ಗೆಡ್ಡೆಯನ್ನು ನೆಟ್ಟೆ. ಮೀನುಗಳಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಹೊತ್ತೂ ಊಟ. ಅತಿಥಿಗಳು ಬಂದರೆ ಅವರ ಕೈಯಿಂದಲೂ ಒಂದೊಂದು ಹಿಡಿ. ಮೂರನೆಯ ವಾರಕ್ಕೆ ನೀರು ತಿಳಿಹಸಿರಾಯಿತು, ಐದನೆಯ ವಾರಕ್ಕೆ ಪಾಲಕ್ ಸೊಪ್ಪಿನ ಸಾರಿನಂತಾಯಿತು. ಅಂಚಿನಲ್ಲಿ ನೂಲಿನಂಥ ಪಾಚಿ ಕೂದಲಿನ ಹಾಗೆ ಜೋತಾಡತೊಡಗಿತು. ಮಗಳಿಗೆ ಮೀನು ಕಾಣದು, ತಂದೆಯವರಿಗೆ ನೀರು ಕಾಣದು.

ಒಂದು ಚಮಚದ ಅವಿವೇಕ

ಆಗ ಮಲೆನಾಡಿನಿಂದ ಬಂದಿದ್ದ ನೆಂಟರೊಬ್ಬರು ಒಂದು ಉಪಾಯ ಹೇಳಿದರು. ಅಡಕೆ ತೋಟದವರಿಗೆ ಮೈಲುತುತ್ತ ಹೊಸದಲ್ಲ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡುವುದು ಅದರಿಂದಲೇ. “ಒಂದು ಚಮಚ ಕದಡಿಬಿಡಿ, ಪಾಚಿ ಹೆಸರಿಲ್ಲದೆ ಹೋಗುತ್ತದೆ” ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಮರುದಿನವೇ ಹಸಿರು ಕಂದಿತು; ಎರಡನೆಯ ದಿನ ನೀರು ಚಹಾದ ಬಣ್ಣಕ್ಕೆ ತಿರುಗಿತು. ಆ ಸಂಜೆ ನಾನು ಮನೆಯವರ ಮುಂದೆ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆನೆಂದು ಒಪ್ಪಿಕೊಳ್ಳಬೇಕು. ಮೂರನೆಯ ದಿನ ಬೆಳಗಿನ ಜಾವ ಮಗಳು ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಹನ್ನೊಂದು ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದುವು.

ಅವಳು ಅಳಲಿಲ್ಲ. “ಅಪ್ಪಾ, ನೀವು ಏನು ಹಾಕಿದಿರಿ?” ಎಂದು ಮಾತ್ರ ಕೇಳಿದಳು. ವಿದ್ಯಾರ್ಥಿಗಳ ಎಷ್ಟೋ ಪ್ರಶ್ನೆಗಳಿಗೆ ಜಾಣ್ಮೆಯಿಂದ ಉತ್ತರ ಹೇಳಿ ಪಾರಾಗಿರುವ ನನಗೆ ಆ ಪ್ರಶ್ನೆಯ ಮುಂದೆ ನಾಲಗೆ ಏಳಲಿಲ್ಲ.

ಆ ದಿನ ನಾನು ಗ್ರಂಥಾಲಯದಲ್ಲಿ ಕನ್ನಡ ವಿಭಾಗವನ್ನು ಬಿಟ್ಟು ಜೀವಶಾಸ್ತ್ರದ ಕಪಾಟಿನ ಮುಂದೆ ನಿಂತೆ. ಆದದ್ದು ಎರಡು ಅನಾಹುತ. ಮೊದಲನೆಯದಾಗಿ ತಾಮ್ರದ ಲವಣವು ಮೀನಿನ ಕಿವಿರುಗಳಿಗೇ ವಿಷ. ನೀರು ಮೆದುವಾಗಿದ್ದಷ್ಟೂ ಆ ವಿಷದ ಪೆಟ್ಟು ಹೆಚ್ಚು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿದ್ದರೆ, ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಕರಗಿಸಿಟ್ಟುಕೊಳ್ಳಬಲ್ಲದ್ದು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ಮೀನಿನ ಸಂಸಾರವೆಲ್ಲ ನಡೆಯುವುದು ಈ ಸಣ್ಣ ಗಂಟಿನಲ್ಲಿ. ಹಗಲಿನಲ್ಲಿ ಗಿಡಗಳೂ ಪಾಚಿಯೂ ಬಿಸಿಲಿನ ನೆರವಿನಿಂದ ಅದನ್ನು ತುಂಬುತ್ತವೆ. ರಾತ್ರಿ ಅವೂ ನಮ್ಮಂತೆಯೇ ಉಸಿರಾಡಿ ಅದರಿಂದಲೇ ವೆಚ್ಚ ಮಾಡುತ್ತವೆ. ಸೂರ್ಯೋದಯಕ್ಕೆ ಮುಂಚಿನ ಹೊತ್ತಿಗೆ ಗಂಟು ಬಹುಮಟ್ಟಿಗೆ ಕರಗಿರುತ್ತದೆ. ಇಂಥ ನೀರಿನಲ್ಲಿ ಪಾಚಿಯನ್ನೆಲ್ಲ ಒಮ್ಮೆಗೇ ಕೊಂದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಉಳಿದ ಆಮ್ಲಜನಕವನ್ನೂ ಕಬಳಿಸುತ್ತವೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವೆಯಲ್ಲ, ಉಸಿರಿನ ಕಷ್ಟ. ಹಸಿವೆಂದು ತಿಳಿದು ಮತ್ತೆ ಊಟ ಹಾಕುವವರು ನಾನೊಬ್ಬನೇ ಅಲ್ಲವೆಂಬುದು ಈಗಿನ ನನ್ನ ಸಮಾಧಾನ.

“ನೀರಿಗೆ ಊಟ ಜಾಸ್ತಿಯಾಗಿದೆ”

ಇಷ್ಟಾಗಿಯೂ ಮೂರು ವಾರ ಕಳೆಯುವಷ್ಟರಲ್ಲಿ ಪಾಚಿ ಮೊದಲಿಗಿಂತ ದಟ್ಟವಾಗಿ ಮರಳಿ ಬಂದಿತು. ನಾನು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ತಂದೆಯವರು ಅಂದರು:

“ನೀರಿಗೆ ಊಟ ಜಾಸ್ತಿಯಾಗಿದೆ ಕಣಪ್ಪ. ಸತ್ತದ್ದು ಎಲ್ಲಿಗೆ ಹೋಯಿತು? ಅಲ್ಲೇ ಕರಗಿತು. ಅದನ್ನೇ ತಿಂದು ಮರಿ ಎದ್ದಿತು. ನಮ್ಮೂರಿನಲ್ಲಿ ಬೇಸಗೆಗೆ ಕೆರೆಯ ಗೋಡು ಯಾಕೆ ಹೊಡೆಯುತ್ತಿದ್ದೆವು ಹೇಳು?”

ಗೋಡುಮಣ್ಣನ್ನು ಕಂಡಿರದ ಪಟ್ಟಣದ ವಾಚಕರಿಗಾಗಿ ಒಂದು ಮಾತು. ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ತಳದ ಹೂಳನ್ನು ಗಾಡಿಗಳಲ್ಲಿ ತುಂಬಿ ಹೊಲಗದ್ದೆಗಳಿಗೆ ಹೊಡೆಯುವುದು ನಮ್ಮ ಸೀಮೆಯ ಹಳೆಯ ರೂಢಿ. ಮಳೆಯೊಡನೆ ಹೊಲದಿಂದ ಕೊಚ್ಚಿಬಂದ ಸತ್ತ್ವ ಮತ್ತೆ ಹೊಲಕ್ಕೆ. ಕೆರೆಗೆ ಆಳವೂ ಉಳಿಯಿತು, ನೀರೂ ಹಗುರವಾಯಿತು. ಕೆರೆಗೆ ಬಂದದ್ದನ್ನು ಕೆರೆಯಿಂದ ಹೊರಕ್ಕೆ ಒಯ್ಯಬೇಕೆಂಬ ಈ ವ್ಯವಹಾರಜ್ಞಾನ ನನ್ನ ಕೊಳದಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲಿ ಬರವೇ ಹೊರತು ವೆಚ್ಚವಿಲ್ಲ.

ತಂದೆಯವರು ಊಟವೆಂದದ್ದಕ್ಕೆ ವಿಜ್ಞಾನಿಗಳು ಪೋಷಕಾಂಶವೆನ್ನುತ್ತಾರೆ. ಅವುಗಳಲ್ಲಿ ಸಿಹಿನೀರಿನ ಮಟ್ಟಿಗೆ ಮುಖ್ಯವಾದದ್ದು ರಂಜಕ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಪ್ರಯೋಗಕ್ಕಾಗಿಯೇ ಮೀಸಲಿಟ್ಟ ಸರೋವರಗಳಿವೆ. ಅವುಗಳಲ್ಲಿ ೨೨೬ನೆಯ ಸಂಖ್ಯೆಯ ಸರೋವರಕ್ಕೆ ೧೯೭೩ರಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಅವರ ಸಂಗಡಿಗರು ನಡುವೆ ಒಂದು ಪರದೆ ಕಟ್ಟಿದರು. ಎರಡು ಭಾಗಗಳಿಗೂ ಇಂಗಾಲ ಮತ್ತು ಸಾರಜನಕಗಳನ್ನು ಉಣಿಸಿದರು; ಒಂದು ಭಾಗಕ್ಕೆ ಮಾತ್ರ ಅವುಗಳ ಜೊತೆಗೆ ರಂಜಕವನ್ನೂ ಕೊಟ್ಟರು. ರಂಜಕ ತಿಂದ ಭಾಗ ಹಸಿರಾಗಿಹೋಯಿತು, ಪರದೆಯ ಆಚೆಯದು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಅದರ ಚಿತ್ರವನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಅಷ್ಟು ದೂರವೇಕೆ? ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ೨೦೧೫ರಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರಿದ್ದನ್ನೂ, ೨೦೧೭ರ ಫೆಬ್ರವರಿಯಲ್ಲಿ ಕೆರೆಯಲ್ಲೇ ಬೆಂಕಿ ಎದ್ದದ್ದನ್ನೂ ನಾವೆಲ್ಲ ಕಂಡಿದ್ದೇವೆ. ಕೊಚ್ಚೆಯೂ ಮಾರ್ಜಕಗಳೂ ಮಿತಿಮೀರಿ ಹರಿದರೆ ಅಷ್ಟು ದೊಡ್ಡ ಕೆರೆಯೇ ಸಹಿಸಲಾರದು. ಎಂಟು ಅಡಿಯ ಕೊಳ ಸಹಿಸೀತೇ?

ಈಗ ಪಂಕಜವೆಂಬ ಪದ ನನ್ನ ಮುಂದೆ ಹೊಸದಾಗಿ ಬಂದು ನಿಂತಿತು. ತಾವರೆ ಉಣ್ಣುವುದು ಕೆಸರಿನಿಂದ, ಬೇರಿನ ಮೂಲಕ. ಪಾಚಿಗೆ ಬೇರಿಲ್ಲ, ಅದು ಉಣ್ಣುವುದು ನೀರಿನಲ್ಲಿ ಕರಗಿದ್ದನ್ನು. ಸತ್ತ್ವ ಕೆಸರಿನಲ್ಲಿ ನಿಂತರೆ ಪಂಕಜ, ನೀರಿಗೆ ಎದ್ದರೆ ಪಾಚಿ. ಕೊಳ ಸಾಕುವ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಪಾಚಿಯನ್ನು ನಿಂದಿಸುವುದೂ ನ್ಯಾಯವಲ್ಲ. ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿದ್ದು ನೀಲಿಹಸಿರು ಪಾಚಿಗಳ ದುಡಿಮೆಯಿಂದ. ಬಸವನಹುಳುವಿಗೂ ಗೊದಮೊಟ್ಟೆಗೂ ಕಲ್ಲಿನ ಮೇಲಿನ ತೆಳುಪಾಚಿಯೇ ಅನ್ನ. ಕೊಳದಲ್ಲಿ ಪಾಚಿ ಇರಬೇಕು, ಆಳಬಾರದು.

ಮೂರು ಅಂತಸ್ತಿನ ಗಿಡಗಳು

ಏಪ್ರಿಲ್ ತಿಂಗಳಿನಲ್ಲಿ ನಾವು ಕೊಳವನ್ನು ಬರಿದುಮಾಡಿ ಹೊಸದಾಗಿ ಕಟ್ಟಿಕೊಂಡೆವು. ತಳದ ಗೊಬ್ಬರವನ್ನೆಲ್ಲ ಎತ್ತಿ ಮಲ್ಲಿಗೆಯ ಪಾತಿಗೆ ಹಾಕಿದೆವು. ತಾವರೆಗೆ ಒಂದೂವರೆ ಅಡಿ ಅಗಲದ, ತೂತಿಲ್ಲದ ಒಂದು ಕುಂಡ ತಂದು, ಅಡಿಯಲ್ಲಿ ಚೆನ್ನಾಗಿ ಕಳಿತ ಗೊಬ್ಬರ ಎರಡು ಬೊಗಸೆ, ಅದರ ಮೇಲೆ ಅರ್ಧ ಅಡಿಯಷ್ಟು ಜೇಡಿಮಿಶ್ರಿತ ಕೆರೆಮಣ್ಣು, ಎಲ್ಲಕ್ಕೂ ಮೇಲೆ ಎರಡು ಬೆರಳು ದಪ್ಪ ಮರಳು ಹಾಕಿದೆವು. ಮರಳು ಮುಚ್ಚಳದಂತೆ, ಸತ್ತ್ವ ಕೆಳಗೇ ಉಳಿಯುತ್ತದೆ. ಗೆಡ್ಡೆಯ ಮೊಳಕೆ ಮುರಿದರೆ ಆ ಗಿಡದ ಆಸೆ ಬಿಡಬೇಕು. ಆದ್ದರಿಂದ ಕೈ ಹಗುರವಿರಲಿ. ತಾವರೆಗೂ ನೈದಿಲೆಗೂ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು.

ಗಿಡಗಳನ್ನು ಮೂರು ಅಂತಸ್ತಿನ ಮನೆಯ ಹಾಗೆ ನೆಡಬೇಕು. ನೀರಿನೊಳಗೇ ಮುಳುಗಿ ಬೆಳೆಯುವ ಹೈಡ್ರಿಲ್ಲ, ವ್ಯಾಲಿಸ್ನೇರಿಯಗಳದು ಕೆಳಗಿನ ಅಂತಸ್ತು. ಇವು ಎಲೆಯಿಂದಲೂ ಸತ್ತ್ವವನ್ನು ಹೀರುವುದರಿಂದ ಪಾಚಿಯ ಬಾಯಿಂದಲೇ ತುತ್ತನ್ನು ಕಸಿದುಕೊಳ್ಳುತ್ತವೆ. ಹಗಲಿನಲ್ಲಿ ನೀರಿಗೆ ನೇರವಾಗಿ ಆಮ್ಲಜನಕ ಕೊಡುತ್ತವೆ. ನಡುವಿನ ಅಂತಸ್ತು ಎಲೆಯನ್ನು ನೀರಿನ ಮೇಲೆ ಹಾಸುವ ನೈದಿಲೆಯದು. ಬೆಳಕಿಲ್ಲದ ಕಡೆ ಪಾಚಿ ಬೆಳೆಯದು. ಎಲೆಗಳು ನೀರಿನ ಮೇಲ್ಮೈಯ ಅರ್ಧಭಾಗದಿಂದ ಮೂರರಲ್ಲಿ ಎರಡು ಭಾಗದವರೆಗೆ ಮುಚ್ಚಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಗಾಳಿಯೂ ಬೆಳಕೂ ಕೆಳಗಿಳಿಯವು. ಅಂಚಿನ ಜವುಗಿನಲ್ಲಿ ಬಜೆ, ಒಂದೆಲಗ, ಒಂದು ಬುಡ ಕೆಸುವು, ಇದು ಮೇಲಿನ ಅಂತಸ್ತು. ಈ ಅಂಚಿನ ಲಾಭವನ್ನು ನನ್ನಾಕೆ ವಾರಕ್ಕೊಮ್ಮೆ ಒಂದೆಲಗದ ಚಟ್ನಿಯ ರೂಪದಲ್ಲಿ ಬಡಿಸುತ್ತಾಳೆ. ಕೊಳದ ಸತ್ತ್ವ ಹೊರಹೋಗುವುದಕ್ಕೆ ಇದಕ್ಕಿಂತ ರುಚಿಕರವಾದ ದಾರಿ ನನಗೆ ತಿಳಿಯದು.

ನೇರಳೆ ಹೂವಿನ ಹಯಸಿಂತ್ ಗಿಡಕ್ಕೆ ಮಾತ್ರ ಮರುಳಾಗಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಈ ಸುಂದರಿ ನಮ್ಮ ಕೆರೆಗಳನ್ನು ಹೇಗೆ ನುಂಗಿದ್ದಾಳೆಂಬುದನ್ನು ನೋಡಬೇಕಾದರೆ ಊರ ಹೊರಗೆ ಹೋದರೆ ಸಾಕು. ಕೊಳದಲ್ಲಿ ಹೆಚ್ಚಾದ ಯಾವ ಗಿಡವನ್ನಾಗಲಿ ಮೀನನ್ನಾಗಲಿ ಕೆರೆಗೆ ಬಿಡಬಾರದು. ಗಿಡಕ್ಕೆ ತಿಪ್ಪೆಯೇ ಸರಿಯಾದ ಸ್ಥಳ.

ನಿತ್ಯದ ಉಪಚಾರ

ನೂಲುಪಾಚಿಯನ್ನು ಒಂದು ಒರಟು ಕೋಲಿಗೆ ಶಾವಿಗೆಯಂತೆ ಸುತ್ತಿ ತೆಗೆಯಬೇಕು. ತೆಗೆದದ್ದನ್ನು ಒಂದು ರಾತ್ರಿ ಕೊಳದ ದಂಡೆಯಲ್ಲೇ ಬಿಟ್ಟರೆ ಅದರಲ್ಲಿ ಸಿಕ್ಕಿಕೊಂಡ ಬಸವನಹುಳುಗಳೂ ಮರಿಹುಳುಗಳೂ ನೀರಿಗೆ ಮರಳುತ್ತವೆ. ಮರುದಿನ ತಪ್ಪದೆ ತಿಪ್ಪೆಗೆ. ಹಣ್ಣಾದ ನೈದಿಲೆಯ ಎಲೆಯನ್ನು ಕೊಳೆಯುವ ಮೊದಲೇ ಕತ್ತರಿಸಬೇಕು. ಕೊಳದ ಅಂಚು ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರವಿದ್ದರೆ ಮಳೆಗಾಲದಲ್ಲಿ ಪಾತಿಯ ಗೊಬ್ಬರದ ನೀರು ಒಳಕ್ಕೆ ನುಗ್ಗದು. ಮೀನಿಗೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ. ಉಳಿದದ್ದೆಲ್ಲ ಪಾಚಿಯ ಪಾಲು.

ನೀರು ಹಸಿರಾಯಿತೆಂದು ಎಲ್ಲವನ್ನೂ ಚೆಲ್ಲಿ ಹೊಸನೀರು ತುಂಬುವುದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ಹೊಸನೀರಿನೊಡನೆ ಹೊಸ ಲವಣಗಳೂ ಬರುತ್ತವೆ, ನೀರನ್ನು ಶುದ್ಧಿಮಾಡುತ್ತಿದ್ದ ಸೂಕ್ಷ್ಮಜೀವಿಗಳು ಹೋಗುತ್ತವೆ. ಆವಿಯಾಗಿ ಇಂಗಿದಷ್ಟನ್ನು ಮಾತ್ರ ತುಂಬಬೇಕು. ಮಳೆಯ ನೀರಾದರೆ ಅತ್ಯುತ್ತಮ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದ ಪಾತ್ರೆಯಲ್ಲಿಟ್ಟು ಹಾಕಬೇಕು. ಹೊಸ ಕೊಳದ ನೀರು ಮೊದಲ ಒಂದೆರಡು ತಿಂಗಳು ಹಸಿರಾಗುವುದು ಸಹಜ. ಗಿಡಗಳು ಬೇರೂರುವವರೆಗೆ ಪಾಚಿಗೆ ಪ್ರತಿಸ್ಪರ್ಧಿಯಿಲ್ಲ. ಆಗ ಬೇಕಾದ ಔಷಧ ತಾಳ್ಮೆಯೊಂದೇ.

ಸೊಳ್ಳೆಯ ಭಯ ನಮ್ಮ ಮನೆಯಲ್ಲಿಯೂ ಎದ್ದಿತು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಜೀವಂತವಾದ ಕೊಳದಲ್ಲಿ ಆ ಮರಿಹುಳುಗಳನ್ನು ತಿನ್ನಲು ಸಣ್ಣ ಮೀನುಗಳೂ, ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಕೀಟದ ಮರಿಗಳೂ ಕಾದಿರುತ್ತವೆ. ನಾವು ಮೀನಿಲ್ಲದ ತಿಂಗಳುಗಳಲ್ಲಿ ಮಾತ್ರ ಪ್ರತಿ ಸಂಜೆ ಜಾಲರಿಯಿಂದ ಹುಳುಗಳನ್ನು ಸೋಸಿ ತೆಗೆಯಬೇಕಾಯಿತು. ಇನ್ನೆರಡು ಎಚ್ಚರಿಕೆಗಳು: ನೀರಿನ ಮೇಲೆ ನೀಲಿಹಸಿರು ಬಣ್ಣ ಚೆಲ್ಲಿದಂತೆ ದಪ್ಪ ಕೆನೆ ಕಟ್ಟಿದರೆ ಮಕ್ಕಳನ್ನೂ ನಾಯಿಬೆಕ್ಕುಗಳನ್ನೂ ದೂರವಿಡಿ, ಅದರಲ್ಲಿ ಕೆಲವು ಬಗೆ ವಿಷಕಾರಿ. ಎರಡನೆಯದಾಗಿ, ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಒಂದು ಅಡಿ ನೀರೂ ಅಪಾಯವೇ. ನೀರಿನ ಮೇಲೆ ಗಟ್ಟಿಯಾದ ಜಾಲರಿ ಹಾಕಿಸದೆ ಕೊಳದ ಮಾತೆತ್ತಬೇಡಿ.

ತಟ್ಟೆಯ ಲೆಕ್ಕ

ಕೊಳ ಸುಧಾರಿಸುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ೧೮೬೫ರಲ್ಲಿ ಇಟಲಿಯ ಖಗೋಳಶಾಸ್ತ್ರಜ್ಞ ಆಂಜೆಲೊ ಸೆಕ್ಕಿ ಎಂಬ ಪಾದ್ರಿ ಸಮುದ್ರದಲ್ಲಿ ಬಿಳಿಯ ತಟ್ಟೆಗಳನ್ನು ಹಡಗಿನಿಂದ ಇಳಿಬಿಟ್ಟು, ಎಷ್ಟು ಆಳದಲ್ಲಿ ಅವು ಕಣ್ಮರೆಯಾಗುತ್ತವೆಂದು ಅಳೆದನು. ಇಂದಿಗೂ ಸರೋವರಗಳ ತಿಳಿತನವನ್ನು ಅಳೆಯುವುದು ಅವನ ಹೆಸರಿನ ತಟ್ಟೆಯಿಂದಲೇ. ಈ ಕಥೆಯನ್ನು ಮಗಳಿಗೆ ಹೇಳಿದೆ. ಮೀನು ಸತ್ತ ಮೇಲೆ ಅವಳು ಕೊಳದ ಹತ್ತಿರ ಸುಳಿದಿರಲಿಲ್ಲ. ಹೊಸ ಮೀನು ತರುವೆನೆಂದರೆ ಬೇಡವೆಂದಿದ್ದಳು. ತಟ್ಟೆಯ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಿಗೆಮನೆಯಿಂದ ಬಿರುಕುಬಿಟ್ಟ ಒಂದು ಬಿಳಿಯ ಪಿಂಗಾಣಿ ಬಸಿಯನ್ನು ತಂದಳು. ತಂದೆಯವರು ಅದಕ್ಕೆ ದಾರ ಕಟ್ಟಿಕೊಟ್ಟರು.

ಅಂದಿನಿಂದ ಪ್ರತಿ ಭಾನುವಾರ ತಾತ ದಾರ ಹಿಡಿಯುವರು, ಮೊಮ್ಮಗಳು ಬಗ್ಗಿ ನೋಡಿ “ಹೋಯ್ತು!” ಎನ್ನುವಳು, ದಾರದ ಒದ್ದೆಯನ್ನು ತಾತ ತಮ್ಮ ಕೈಯಿಂದಲೇ ಅಳೆಯುವರು. ಮೇ ಮೊದಲ ಭಾನುವಾರ ನಾಲ್ಕು ಬೆರಳು. ಜೂನ್ ಕೊನೆಗೆ ಒಂದು ಗೇಣು. ಜುಲೈನ ಒಂದು ಜಡಿಮಳೆಯಲ್ಲಿ ಮತ್ತೆ ಆರು ಬೆರಳಿಗೆ ಇಳಿದು ನನ್ನ ಎದೆಯನ್ನು ಕುಗ್ಗಿಸಿತು. ನಾನು ಮತ್ತೇನನ್ನಾದರೂ ಮಾಡಹೊರಟೇನೆಂದು ತಂದೆಯವರಿಗೆ ಅನುಮಾನ ಬಂದಿರಬೇಕು. “ಸುಮ್ಮನೆ ಇರಪ್ಪ, ಗಿಡ ಊಟಕ್ಕೆ ಕೂತಿದೆ” ಎಂದರು. ಆಗಸ್ಟ್ ತಿಂಗಳಿಗೆ ಎರಡು ಗೇಣು. ಗೌರಿಹಬ್ಬದ ಮುಂಚಿನ ಭಾನುವಾರ ದಾರ ಸಡಿಲವಾಯಿತು. ಬಸಿ ತಳದ ಮೇಲೆ ಕುಳಿತಿತ್ತು, ಅದರ ಬಿರುಕು ಕೂಡ ಮೇಲಿನಿಂದ ಕಾಣುತ್ತಿತ್ತು.

ಮಗಳು ಎದ್ದು ನಿಂತು ನನ್ನನ್ನು ನೋಡಿದಳು. “ಅಪ್ಪಾ, ಈಗ ಮೀನು ತರಬಹುದು. ಐದೇ ಐದು ಸಾಕು. ಆದರೆ ನೀವು ನೀರಿಗೆ ಏನೂ ಹಾಕಕೂಡದು.”

ಒಪ್ಪಿಕೊಂಡೆ. ಇಂದಿನವರೆಗೆ ಆ ಮಾತಿಗೆ ತಪ್ಪಿಲ್ಲ. ತಂದೆಯವರು ಈಗಲೂ ಸಂಜೆ ಅದೇ ಮೆಟ್ಟಿಲ ಮೇಲೆ ಕುಳಿತುಕೊಳ್ಳುತ್ತಾರೆ. ಗೋಡೆಯ ಕಡೆಗೆ ಅವರ ದೃಷ್ಟಿ ಹೋಗುವುದು ಅಪರೂಪ.